ಬಸುರಿನಲ್ಲಿ ಮಿದುಳಿನ ಸಂಯಮ

ಗರ್ಭಾಶಯದ ಸ್ನಾಯುಗಳನ್ನು ಸಂಕೋಚಗೊಳಿಸಿ ಶಿಶುವನ್ನು ಹೊರಲೋಕಕ್ಕೆ ದೂಡಿಕೊಡುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆರಿಗೆಯ ದಿನವೇ ಹೊಸದಾಗಿ ಹುಟ್ಟಿಕೊಳ್ಳುವ ಪದಾರ್ಥವಲ್ಲ. ಬಸುರಿನ ತಿಂಗಳುಗಳುದ್ದಕ್ಕೂ ಅದು ತಾಯಿಯ ಮಿದುಳಿನ ಬುಡದಲ್ಲಿ ತಯಾರಾಗುತ್ತ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಶೇಖರವಾಗುತ್ತ ಇರುತ್ತದೆ. ದಿನ ತುಂಬುವ ಮೊದಲೇ ಅದು ಯಥೇಚ್ಛವಾಗಿ ರಕ್ತಕ್ಕೆ ಸೇರಿದರೆ ಅಪಾಯ; ದಿನ ತುಂಬಿದಾಗ ಬೇಕಾದಷ್ಟು ದೊರೆಯದೆಹೋದರೆ ಅದೂ ಕಷ್ಟವೇ. ಬಸುರಿಯ ಮೈಯಲ್ಲಿ ಹಾರ್ಮೋನುಗಳು ಉಕ್ಕಿ ಹರಿಯುತ್ತವೆಂದು ನಾವು ಸಾಮಾನ್ಯವಾಗಿ ಆಡಿಕೊಳ್ಳುವ ಮಾತು ನಿಜವೇ ಆದರೂ, ಆ ಉಕ್ಕಿನಷ್ಟೇ, ಒಂದು ದೃಷ್ಟಿಯಿಂದ ಅದಕ್ಕಿಂತಲೂ ಹೆಚ್ಚಾಗಿ ವಿಸ್ಮಯಕರವಾದುದು ಅದನ್ನು ಕಾಲ ಬರುವವರೆಗೆ ಅದುಮಿಡುವ ಮಿದುಳಿನ ಸಂಯಮ. ಈ ಸಂಯಮದ ಸ್ವರೂಪವನ್ನು ಸ್ವಲ್ಪಮಟ್ಟಿಗೆ ಅರಿತ ಮನೆಯವರು ಬಸುರಿಯ ಯಾವ ಲಕ್ಷಣಕ್ಕೆ ಹೆದರಬೇಕಾಗಿಲ್ಲ, ಯಾವುದನ್ನು ತಡಮಾಡದೆ ವೈದ್ಯರಿಗೆ ತಿಳಿಸಬೇಕು, ಯಾವ ಹೊತ್ತಿನಲ್ಲಿ ತಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸುಲಭವಾಗಿ ನಿಶ್ಚಯಿಸಬಲ್ಲರು. ಔಷಧದ ಪ್ರಮಾಣವನ್ನು ನಿರ್ಧರಿಸುವ ಕೆಲಸ ಮಾತ್ರ ಎಂದೆಂದಿಗೂ ವೈದ್ಯರದೇ.

ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಪ್ರದೇಶವೊಂದುಂಟು. ಅದರಿಂದ ಸಣ್ಣದೊಂದು ಕಾಂಡದ ಮೂಲಕ ಇಳಿಬಿದ್ದಿರುವುದೇ ಪಿಟ್ಯುಟರಿ ಗ್ರಂಥಿ. ಗ್ರಂಥಿಯ ಹಿಂಭಾಗವು ವಾಸ್ತವವಾಗಿ ಮಿದುಳಿನದೇ ಮುಂದುವರಿಕೆ: ಹೈಪೊಥಲಾಮಸ್‌ನ ನರಕೋಶಗಳು ತಮ್ಮ ತುದಿಗಳನ್ನು ಅಲ್ಲಿಯವರೆಗೆ ಚಾಚಿ, ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್‌ಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಮುಂಭಾಗದ ರೀತಿ ಬೇರೆ. ಅಲ್ಲಿಗೆ ಮಿದುಳು ಪುಟ್ಟ ರಕ್ತನಾಳಗಳ ಮೂಲಕ ರಾಸಾಯನಿಕ ಸಂದೇಶಗಳನ್ನಷ್ಟೇ ಕಳುಹಿಸುತ್ತದೆ. ಆ ಸಂದೇಶಗಳನ್ನನುಸರಿಸಿ ಮುಂಭಾಗದ ಜೀವಕೋಶಗಳು ಪ್ರೊಲ್ಯಾಕ್ಟಿನ್, ಥೈರಾಯ್ಡ್ ಗ್ರಂಥಿಯನ್ನು ಚೋದಿಸುವ ಟಿ.ಎಸ್.ಎಚ್. ಮೊದಲಾದವನ್ನು ಸ್ರವಿಸುತ್ತವೆ. 1906ರಲ್ಲಿ ಹೆನ್ರಿ ಡೇಲ್ ಎಂಬ ವಿಜ್ಞಾನಿ ಎತ್ತಿನ ಪಿಟ್ಯುಟರಿಯ ಸಾರವು ಬೆಕ್ಕಿನ ಗರ್ಭಾಶಯವನ್ನು ಸಂಕೋಚಗೊಳಿಸುವುದನ್ನು ಕಂಡನು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಒಂಬತ್ತೇ ಅಮೈನೋ ಆಮ್ಲಗಳಿಂದಾದ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲಿ ಜೋಡಿಸಿ ತೋರಿಸಿ, ಎರಡು ವರ್ಷಗಳ ತರುವಾಯ ನೊಬೆಲ್ ಪಾರಿತೋಷಕವನ್ನು ಪಡೆದನು. ಮುಂಭಾಗಕ್ಕೆ ಮಿದುಳು ಕಳುಹಿಸುವ ಸಂದೇಶಗಳ ರಾಸಾಯನಿಕ ಸ್ವರೂಪವನ್ನು ಬಯಲಿಗೆ ತಂದುದಕ್ಕಾಗಿ ರೋಜರ್ ಗಿಯ್ಮೆಯವರಿಗೂ ಆಂಡ್ರ್ಯೂ ಶಾಲಿಯವರಿಗೂ 1977ರಲ್ಲಿ ಅದೇ ಗೌರವ ಸಂದಿತು.

ತಡೆ ಹೇಗೆ ನಡೆಯುತ್ತದೆಂಬುದನ್ನು ಈಗ ನೋಡಬಹುದು. ಬಸುರನ್ನು ನಿಲ್ಲಿಸುವ ಪ್ರಧಾನ ಹಾರ್ಮೋನಾದ ಪ್ರೊಜೆಸ್ಟರಾನ್ ಮೊದಲ ಕೆಲವು ವಾರ ಅಂಡಾಶಯದಿಂದಲೂ, ಆಮೇಲೆ ಜರಾಯುವಿನಿಂದ, ಎಂದರೆ ಮಾಸಿನಿಂದಲೂ ಒದಗುತ್ತದೆ. ಅದರ ಒಂದು ಪಾಲು ಮೈಯಲ್ಲಿ ರೂಪಾಂತರ ಹೊಂದಿ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗುತ್ತದೆ. ಮಿದುಳಿನ ನರಕೋಶಗಳನ್ನು ಶಾಂತವಾಗಿರಿಸುವ ಸ್ವಾಭಾವಿಕ ರಾಸಾಯನಿಕಗಳಲ್ಲಿ ಗಾಬಾ ಎಂಬುದು ಮುಖ್ಯವಾದುದು. ಅಲೋಪ್ರೆಗ್ನನೊಲೋನ್ ಈ ಗಾಬಾದ ಪ್ರಭಾವವನ್ನು ಹಲವು ಮಡಿ ಬಲಪಡಿಸುತ್ತದೆ. ದಿನ ಸಮೀಪಿಸಿದ ಬಸುರಿ ಇಲಿಗಳನ್ನು ಪರೀಕ್ಷಿಸಿದ ಎಡಿನ್‌ಬರೋದ ವಿಜ್ಞಾನಿಗಳು ಮತ್ತೊಂದು ತಡೆಯನ್ನೂ ಕಂಡರು: ಮಿದುಳು ತಾನೇ ತಯಾರಿಸುವ, ಅಫೀಮಿನ ಜಾತಿಗೆ ಸೇರಿದ ಎಂಡಾರ್ಫಿನ್ ಮುಂತಾದ ವಸ್ತುಗಳು ಆಕ್ಸಿಟೋಸಿನ್ ಕೋಶಗಳ ಮೇಲೆ ಹಿಡಿತವಿಟ್ಟುಕೊಂಡಿರುತ್ತವೆ, ಆ ಹಿಡಿತವನ್ನು ನಲೋಕ್ಸೋನ್ ಎಂಬ ಔಷಧದಿಂದ ಸಡಿಲಿಸಿದರೆ ಆಕ್ಸಿಟೋಸಿನ್ ರಕ್ತಕ್ಕೆ ಒಮ್ಮೆಗೇ ನುಗ್ಗುತ್ತದೆ. ಇಲಿಗಳಲ್ಲಿ ಕಂಡುದನ್ನೆಲ್ಲ ಸ್ತ್ರೀಯರಿಗೆ ಯಥಾವತ್ತಾಗಿ ಅನ್ವಯಿಸುವುದು ಯುಕ್ತವಲ್ಲ. ಇಲಿಯಲ್ಲಿ ಹೆರಿಗೆಗೆ ಮುಂಚೆ ಪ್ರೊಜೆಸ್ಟರಾನ್ ರಕ್ತದಲ್ಲಿ ಕುಸಿಯುತ್ತದೆ. ಸ್ತ್ರೀಯಲ್ಲಾದರೋ ಮಾಸು ಬೀಳುವವರೆಗೂ ಅದು ಏರಿಯೇ ಇರುತ್ತದೆ, ಗರ್ಭಾಶಯವು ಅದರ ಮಾತನ್ನು ಕೇಳುವುದನ್ನು ಕ್ರಮೇಣ ಬಿಡುತ್ತದೆ, ಅಷ್ಟೆ. ಆದರೂ ಗಾಬಾ, ಅಲೋಪ್ರೆಗ್ನನೊಲೋನ್‌ಗಳ ಈ ಸಂಬಂಧವನ್ನು ಓದುಗರು ನೆನಪಿನಲ್ಲಿಡಬೇಕು. ಬಾಣಂತಿಯ ಮನಸ್ಸಿನ ಪ್ರಶ್ನೆ ಬಂದಾಗ ಇದೇ ವಸ್ತು ಮತ್ತೆ ಎದುರಾಗುತ್ತದೆ.

ಭಯ, ಆತಂಕಗಳ ವಿಷಯದಲ್ಲಿಯೂ ಬಸುರಿಯ ಮಿದುಳು ಬಹುಮಟ್ಟಿಗೆ ತಣ್ಣಗಿರುವಂತೆ ಏರ್ಪಾಡಾಗಿದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ದಿನ ತುಂಬುವ ವೇಳೆಗೆ ಎಂದಿನದಕ್ಕಿಂತ ಎರಡು ಮೂರು ಪಟ್ಟು ಏರಿರುವುದು ಸಹಜ. ಅದರ ಬಹುಭಾಗವನ್ನು ಮಾಸಿನಲ್ಲಿರುವ ಕಿಣ್ವವೊಂದು ನಿಷ್ಕ್ರಿಯಗೊಳಿಸಿ ಮಗುವಿಗೆ ತಲಪದಂತೆ ಕಾಯುತ್ತದೆ. ಒಂದು ದಿನ ಅತ್ತುದಕ್ಕೆ, ಒಂದು ರಾತ್ರಿ ನಿದ್ದೆಗೆಟ್ಟುದಕ್ಕೆ, ಒಂದು ಜಗಳಕ್ಕೆ ಮಗುವಿಗೆ ಏನಾಯಿತೋ ಎಂದು ತಮ್ಮನ್ನು ತಾವು ಹಳಿದುಕೊಳ್ಳುವ ಎಳೆಯ ತಾಯಂದಿರಿಗೆ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ದಿನನಿತ್ಯದ ಬೈಗುಳ, ಹೊಡೆತ, ಅರೆಹೊಟ್ಟೆ, ವಿರಾಮವಿಲ್ಲದ ದುಡಿಮೆ ಇವುಗಳ ಮಾತೇ ಬೇರೆ. ಅವುಗಳಿಂದಾಗುವ ಹಾನಿಯನ್ನು ತಡೆಯುವ ಹೊಣೆ ಬಸುರಿಯದಲ್ಲ, ಸುತ್ತಲಿನವರದು. ಒಂದು ಸ್ವಾರಸ್ಯವಿದೆ. ಒತ್ತಡದ ಸಂದರ್ಭದಲ್ಲಿ ಮಿದುಳು ಹೊರಡಿಸುವ ಸಿ.ಆರ್.ಎಚ್. ಎಂಬ ಸಂದೇಶವಸ್ತುವನ್ನು ಬಸುರಿನಲ್ಲಿ ಮಾಸು ಕೂಡ ತಯಾರಿಸುತ್ತದೆ. ಕಾರ್ಟಿಸಾಲ್ ಏರಿದರೆ ಮಿದುಳು ಸಿ.ಆರ್.ಎಚ್. ತಯಾರಿಯನ್ನು ತಗ್ಗಿಸುವುದು, ಮಾಸು ಹೆಚ್ಚಿಸುವುದು. ಕೊನೆಯ ತಿಂಗಳುಗಳಲ್ಲಿ ತೀವ್ರಗತಿಯಿಂದ ಏರುವ ಸಿ.ಆರ್.ಎಚ್. ಮಟ್ಟವನ್ನು ಅಳೆದ ಆಸ್ಟ್ರೇಲಿಯದ ಸಂಶೋಧಕರು, ಹೆರಿಗೆಯ ಕಾಲವನ್ನು ಗೊತ್ತುಮಾಡುವ ಗಡಿಯಾರವು ಮಾಸಿನಲ್ಲಿಯೇ ಇರುವುದೆಂದು 1995ರಲ್ಲಿ ಪ್ರತಿಪಾದಿಸಿದರು.

ಥೈರಾಯ್ಡಿನ ವಿಚಾರ ವ್ಯಾವಹಾರಿಕವಾಗಿ ಅತ್ಯಂತ ಮಹತ್ವದ್ದು. ಮಾಸಿನಿಂದ ಹೊರಡುವ, ಬಸುರಿನ ಪರೀಕ್ಷೆಯಲ್ಲಿ ಮೂತ್ರದಲ್ಲಿ ಹುಡುಕಲ್ಪಡುವ ಎಚ್.ಸಿ.ಜಿ. ಎಂಬ ಹಾರ್ಮೋನು ಮೊದಲ ಮೂರು ತಿಂಗಳಲ್ಲಿ ಥೈರಾಯ್ಡ್ ಗ್ರಂಥಿಯನ್ನು ತಾನೇ ಪ್ರಚೋದಿಸುವುದರಿಂದ, ಮಿದುಳೂ ಪಿಟ್ಯುಟರಿಯೂ ತಮ್ಮ ಕೈಯನ್ನು ಹಿಂದೆಗೆಯುತ್ತವೆ. ರಕ್ತಪರೀಕ್ಷೆಯ ಕಾಗದದಲ್ಲಿ ಟಿ.ಎಸ್.ಎಚ್. ಸ್ವಲ್ಪ ಕಡಿಮೆಯಾಗಿ ಕಾಣುತ್ತದೆ. ಇದು ಅನೇಕ ವೇಳೆ ರೋಗವಲ್ಲ. ಹೆಚ್ಚಾಗಿ ಕಂಡರೆ ಮಾತ್ರ ಉದಾಸೀನ ಕೂಡದು, ಏಕೆಂದರೆ ಸುಮಾರು 18–20 ವಾರಗಳವರೆಗೆ ಶಿಶುವಿನ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನು ಬಹುತೇಕ ತಾಯಿಯಿಂದಲೇ ಬರಬೇಕು. ಮೊದಲಿನಿಂದಲೂ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಬಸುರೆಂದು ಗೊತ್ತಾದೊಡನೆಯೇ ವೈದ್ಯರನ್ನು ಕಾಣತಕ್ಕದ್ದು. ಅಂಥವರಿಗೆ ಸಾಮಾನ್ಯವಾಗಿ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚು ಔಷಧ ಬೇಕಾಗುತ್ತದೆ. ಈ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮತ್ತು ಸುಣ್ಣದ ಮಾತ್ರೆಗಳನ್ನು ಅದಾದ ನಾಲ್ಕು ಗಂಟೆಗಳ ಮೇಲೆಯೇ ತೆಗೆದುಕೊಳ್ಳಬೇಕು. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೂರನ್ನೂ ಒಂದೇ ಲೋಟ ಹಾಲಿನೊಡನೆ ನುಂಗಿ ಮುಗಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಅಡಿಗೆಗೆ ಅಯೋಡಿನ್ ಬೆರೆತ ಉಪ್ಪನ್ನೇ ಬಳಸಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬಾಯಾರಿಕೆಯೂ ಮಿದುಳಿನದೇ ವ್ಯವಹಾರ. ರಕ್ತ ತುಸು ಗಟ್ಟಿಯಾಯಿತೆಂದು ಕಂಡೊಡನೆ ಹೈಪೊಥಲಾಮಸ್ ದಾಹವನ್ನು ಹುಟ್ಟಿಸಿ, ವ್ಯಾಸೊಪ್ರೆಸಿನ್ನನ್ನು ಹೊರಡಿಸಿ, ಮೂತ್ರದಲ್ಲಿ ನೀರು ಪೋಲಾಗದಂತೆ ನೋಡಿಕೊಳ್ಳುತ್ತದೆ. ಬಸುರಿನಲ್ಲಿ ಈ ಎಚ್ಚರಿಕೆಯ ಮಟ್ಟವೇ ಕೆಳಗಿಳಿಯುವುದರಿಂದ ಬಸುರಿಗೆ ಬೇಗ ಬಾಯಾರುತ್ತದೆ, ಆಕೆಯ ರಕ್ತವೂ ಉಳಿದವರದಕ್ಕಿಂತ ತುಸು ತಿಳಿಯಾಗಿಯೇ ನಿಲ್ಲುತ್ತದೆ. ಕುಡಿಯಬೇಕೆನಿಸಿದಾಗಲೆಲ್ಲ ಕುಡಿಯುವುದೇ ಸರಿಯಾದ ಕ್ರಮ. ಎಷ್ಟು ಕುಡಿದರೂ ದಾಹ ಇಂಗದೆ, ತಿಳಿನೀರಿನಂಥ ಮೂತ್ರ ರಾತ್ರಿ ಹಗಲೆನ್ನದೆ ವಿಪರೀತವಾಗಿ ಹೋಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು: ಸಕ್ಕರೆಯ ಕಾಯಿಲೆ ಕಾರಣವಾಗಿರಬಹುದು, ಅಪರೂಪಕ್ಕೆ ಮಾಸಿನ ಕಿಣ್ವವೊಂದು ವ್ಯಾಸೊಪ್ರೆಸಿನ್ನನ್ನು ಅತಿಯಾಗಿ ನಾಶಪಡಿಸುತ್ತಿರಲೂಬಹುದು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಗುಟುಕು ಗುಟುಕಾಗಿ ಅಳೆದು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಮಗುವಿಗೆ ಹಾಲೂಡಿಸಲು ಕುಳಿತೊಡನೆ ತಾಯಿಗೆ ಗಂಟಲೊಣಗುವುದನ್ನು ಕಂಡವರಿಗೆ, ಹಾಲಿಳಿಸುವ ಮಿದುಳೇ ನೀರನ್ನೂ ಬೇಡುತ್ತಿದೆಯೆಂಬುದು ತಿಳಿಯಬೇಕು. ತಂಬಿಗೆ ನೀರು ಆಕೆಯ ಕೈಗೆಟಕುವಲ್ಲಿ ಇರಲಿ. ಬಿಸಿನೀರೇ ಆಗಬೇಕೆಂಬ ಹಿರಿಯರ ಹಟವಿದ್ದರೆ ಬಿಸಿನೀರೇ ಆಗಲಿ, ಅಳತೆ ಮಾತ್ರ ಬೇಡ.

ಹೆರಿಗೆಯ ಹೊತ್ತಿಗೆ ಬರೋಣ. ಗರ್ಭಾಶಯದಲ್ಲಿ ಆಕ್ಸಿಟೋಸಿನ್ನನ್ನು ಗುರುತಿಸುವ ಗ್ರಾಹಕಗಳು ಕೊನೆಯ ವಾರಗಳಲ್ಲಿ ಬಹುಪಟ್ಟು ಹೆಚ್ಚಿರುತ್ತವೆ. ಮಗುವಿನ ತಲೆ ಕೆಳಗಿಳಿದು ಗರ್ಭದ್ವಾರವನ್ನು ಒತ್ತಿದಾಗ ಆ ಹಿಗ್ಗುವಿಕೆಯ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳನ್ನು ಸೇರಿ, ಆಕ್ಸಿಟೋಸಿನ್ ಸ್ರವಿಸಿ, ಸಂಕೋಚ ಬಲವಾಗಿ, ತಲೆ ಇನ್ನಷ್ಟು ಒತ್ತಿ, ಮತ್ತಷ್ಟು ಸುದ್ದಿ ಮೇಲಕ್ಕೆ ಹೋಗುವ ಈ ಚಕ್ರವನ್ನು ಕೆನಡದ ಫರ್ಗುಸನ್ 1941ರಲ್ಲಿ ಮೊಲಗಳಲ್ಲಿ ವಿವರಿಸಿದನು. ಒಂಬತ್ತು ತಿಂಗಳು ಬಿಗಿಹಿಡಿದಿದ್ದ ಮಿದುಳು ಈಗ ಒಂದೇಸಮನೆ ಸುರಿಯದೆ ಅಲೆಅಲೆಯಾಗಿ ಬಿಡುತ್ತದೆ. ಹೆರಿಗೆ ಮುಂದುವರಿದಂತೆ ಅಲೆಗಳ ನಡುವಣ ಅಂತರ ಕಿರಿದಾಗುತ್ತ ಹೋಗುತ್ತದೆ. ತೀವ್ರವಾದ ಭಯದಲ್ಲಿ ಹೊರಡುವ ಅಡ್ರಿನಲಿನ್ ಗರ್ಭಾಶಯದ ಸ್ನಾಯುಗಳನ್ನು ಸಡಿಲಿಸಿ ನೋವನ್ನು ಹಿಂದೆಳೆಯಬಲ್ಲದು. ಹೆರಿಗೆ ಕೋಣೆಯಲ್ಲಿ ಗದರಿಕೆ ಕೂಡದೆಂಬುದಕ್ಕೆ, ಬಸುರಿಯ ನಂಬಿಕೆಯ ಹೆಂಗಸೊಬ್ಬಳು ಪಕ್ಕದಲ್ಲಿ ಇರಬೇಕೆಂಬುದಕ್ಕೆ ಶಿಷ್ಟಾಚಾರವಷ್ಟೇ ಆಧಾರವಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾತಿಯೊಬ್ಬಳಿಗೆ ಅವಕಾಶವಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ತಿಳಿಸಿದೆ. ತಾಯಿಯೋ ಅಕ್ಕನೋ ತಾನೇ ಹೆತ್ತು ಅನುಭವವಿದ್ದ ನೆರೆಯವಳೋ ಯಾರು ಬರತಕ್ಕದ್ದೆಂಬುದನ್ನು ಏಳೆಂಟನೆಯ ತಿಂಗಳಲ್ಲಿಯೇ ನಿಶ್ಚಯಿಸಿ, ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವುದರಿಂದ ಅಂದು ಈ ಮಾತನ್ನೆತ್ತಬಹುದು. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು.

ಇಲ್ಲೊಂದು ಎಚ್ಚರಿಕೆ. ನೋವು ಬೇಗ ಬರಲೆಂದು ಮನೆಯಲ್ಲಿ ಯಾರಿಂದಲಾದರೂ ಸೂಜಿ ಹಾಕಿಸುವುದು ಪ್ರಾಣಾಂತಿಕ. ಮಿದುಳು ಅಲೆಯಲೆಯಾಗಿ, ಬಿಡುವು ಕೊಟ್ಟು ಕೊಟ್ಟು ಬಿಡುವ ವಸ್ತುವನ್ನು ಒಮ್ಮೆಗೇ ಮೈಗೆ ಚುಚ್ಚಿದರೆ ಗರ್ಭಾಶಯವು ಸಡಿಲದೆ ಬಿಗಿದೇ ನಿಂತು, ಮಗುವಿಗೆ ಆಮ್ಲಜನಕ ನಿಂತುಹೋಗಬಹುದು, ಗರ್ಭಾಶಯವೇ ಹರಿದುಹೋಗಬಹುದು. ಆಸ್ಪತ್ರೆಯಲ್ಲಿ ಇದೇ ಔಷಧವನ್ನು ತೊಟ್ಟು ತೊಟ್ಟಾಗಿ, ಮಗುವಿನ ಹೃದಯದ ಬಡಿತವನ್ನು ಗಮನಿಸುತ್ತ ಕೊಡುತ್ತಾರೆ. ಮಗು ಹುಟ್ಟಿದ ಮೇಲಿನ ಸೂಜಿಯದು ಬೇರೆಯ ಮಾತು: ಆಗ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದರಿಂದ ರಕ್ತಸ್ರಾವ ತಗ್ಗುವುದೆಂಬ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಲ್ಲ ತಾಯಂದಿರಿಗೂ ಶಿಫಾರಸು ಮಾಡಿದೆ; ಅದನ್ನು ಬೇಡವೆನ್ನಬಾರದು. ಇದರ ಅಗತ್ಯ ಎಷ್ಟೆಂಬುದಕ್ಕೆ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಪ್ರಕರಣವುಂಟು. ಹಸು ಎಮ್ಮೆಗಳು ಹಾಲಿಳಿಸಲೆಂದು ಈ ಔಷಧವನ್ನು ಕದ್ದುಮುಚ್ಚಿ ಚುಚ್ಚುವುದನ್ನು ತಡೆಯುವ ಉದ್ದೇಶದಿಂದ ಕೇಂದ್ರ ಸರಕಾರ 2018ರಲ್ಲಿ ಖಾಸಗಿ ಕಂಪನಿಗಳ ತಯಾರಿಕೆಯನ್ನು ನಿಷೇಧಿಸಿ, ದೇಶದ ಬಳಕೆಗೆ ಬೇಕಾದಷ್ಟನ್ನೂ ಬೆಂಗಳೂರಿನ ಸರಕಾರಿ ಉದ್ಯಮವಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ತಯಾರಿಸಬೇಕೆಂದು ಆಜ್ಞೆ ಹೊರಡಿಸಿತು. ಬಾಣಂತಿಯರ ಪ್ರಾಣರಕ್ಷಕ ಔಷಧಕ್ಕೆ ಕೊರತೆ ಬಂದೀತೆಂಬ ಆಕ್ಷೇಪ ಎದ್ದಿತು. ದೆಹಲಿ ಉಚ್ಚ ನ್ಯಾಯಾಲಯ ಅದೇ ವರ್ಷ ಡಿಸೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು.

ಹಾಲಿನ ಕಥೆಯಲ್ಲಿ ತಡೆ ಇನ್ನೂ ಸ್ಪಷ್ಟ. ಹಾಲನ್ನು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ನನ್ನು ಮಿದುಳು ಎಂದಿನ ದಿನಗಳಲ್ಲಿ ಡೋಪಮೈನ್ ಎಂಬ ರಾಸಾಯನಿಕದಿಂದ ಸದಾ ಅದುಮಿಟ್ಟಿರುತ್ತದೆ. ಬಸುರಿನಲ್ಲಿ ಈ ಕಡಿವಾಣ ಸಡಿಲವಾಗಿ, ಪ್ರೊಲ್ಯಾಕ್ಟಿನ್ ದಿನ ತುಂಬುವ ವೇಳೆಗೆ ಹತ್ತು ಪಟ್ಟಿನಷ್ಟು ಏರುತ್ತದೆ, ಅದನ್ನು ಸ್ರವಿಸುವ ಕೋಶಗಳು ಬೆಳೆದು ಪಿಟ್ಯುಟರಿಯೇ ಸುಮಾರು ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗುತ್ತದೆ. ಹೀಗಿದ್ದರೂ ಹಾಲು ಹರಿಯುವುದಿಲ್ಲ. ಮಾಸಿನ ಪ್ರೊಜೆಸ್ಟರಾನ್ ಅದನ್ನು ಸ್ತನದ ಮಟ್ಟದಲ್ಲಿಯೇ ತಡೆದಿರುತ್ತದೆ. ಮಾಸು ಬಿದ್ದೊಡನೆ ಆ ತಡೆ ಕಳಚಿ, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬಿ ಬರುತ್ತದೆ. ಮೊದಲ ದಿನದ ಚಮಚೆಯಷ್ಟು ಹಳದಿ ಗಿಣ್ಣುಹಾಲನ್ನು ಕಂಡು ‘ಇವಳಿಗೆ ಹಾಲೇ ಇಲ್ಲ’ ಎಂದು ಡಬ್ಬಿಯ ಹಾಲಿಗೆ ಓಡುವ ಆತುರ ಈ ಕ್ರಮವನ್ನರಿಯದುದರ ಫಲ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ, ರಾತ್ರಿಯೂ ಬಿಡದೆ ಊಡಿಸುತ್ತಿದ್ದರೆ ಚೀಪುವ ಸ್ಪರ್ಶವೇ ಡೋಪಮೈನನ್ನು ತಗ್ಗಿಸಿ ಪ್ರೊಲ್ಯಾಕ್ಟಿನ್ನನ್ನು ಏರಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಡಾಂಪೆರಿಡೋನ್‌ಗಳು ಡೋಪಮೈನಿಗೆ ಅಡ್ಡಬರುವುದರಿಂದ ಪ್ರೊಲ್ಯಾಕ್ಟಿನ್ ಏರುವುದೇನೋ ನಿಜ. ಆದರೆ ಹಾಲು ಹೆಚ್ಚಿಸುವ ಮಾತ್ರೆಯೆಂದು ಅವನ್ನು ಅಂಗಡಿಯಿಂದ ತಾವಾಗಿ ತಂದು ನುಂಗಬಾರದು. ಹೃದಯದ ಬಡಿತ ತಾಳತಪ್ಪುವುದು, ಮನಸ್ಸು ಕುಗ್ಗುವುದು ಅವುಗಳಿಂದ ಸಂಭವಿಸಬಹುದಾದ ತೊಂದರೆಗಳು.

ಹಾಲು ಉತ್ಪತ್ತಿಯಾಗುವುದು ಒಂದು, ಇಳಿಯುವುದು ಇನ್ನೊಂದು. ಇಳಿಸುವುದು ಆಕ್ಸಿಟೋಸಿನ್ನಿನ ಕೆಲಸ. ಇದನ್ನು ಅತ್ಯಂತ ನೇರವಾಗಿ ತೋರಿಸಿದವರು ಅಮೆರಿಕದ ನೈಲ್ಸ್ ನ್ಯೂಟನ್ ಎಂಬ ತಾಯಿ. ಪತಿ ಮೈಕೇಲರೊಡನೆ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಕೆಯೇ ಪ್ರಯೋಗಕ್ಕೊಳಗಾದ ವ್ಯಕ್ತಿ. ಹಾಲೂಡಿಸುವ ಹೊತ್ತಿನಲ್ಲಿ ಆಕೆಯ ಪಾದಗಳನ್ನು ಮಂಜುನೀರಿನಲ್ಲಿ ಅದ್ದಿಸುವರು, ಕಾಲ್ಬೆರಳುಗಳನ್ನು ನೋವಾಗುವಂತೆ ಎಳೆಯುವರು, ತೊಡಕಿನ ಲೆಕ್ಕಗಳನ್ನು ಬಿಡಿಸೆನ್ನುವರು. ನೆಮ್ಮದಿಯಿದ್ದಾಗ ಸರಾಸರಿ 168 ಗ್ರಾಂ ಹಾಲು ಕುಡಿಯುತ್ತಿದ್ದ ಮಗುವಿಗೆ ಈ ಕಿರುಕುಳದ ನಡುವೆ ಸಿಕ್ಕಿದ್ದು 99 ಗ್ರಾಂ. ಅದೇ ಕಿರುಕುಳ, ಆದರೆ ತಾಯಿಗೆ ಆಕ್ಸಿಟೋಸಿನ್ ಚುಚ್ಚಿದಾಗ 153 ಗ್ರಾಂ. ಎದೆಯಲ್ಲಿ ಹಾಲಿತ್ತು, ಮಿದುಳು ಬಿಟ್ಟುಕೊಡಲಿಲ್ಲ. ಬಾಣಂತಿ ಊಡಿಸುವಾಗ ಸುತ್ತ ನೆರೆದು ಹಾಲಿನ ಪ್ರಮಾಣವನ್ನು ಚರ್ಚಿಸುವ ನೆಂಟರು ಈ ಮೂರು ಅಂಕಿಗಳನ್ನು ಓದಲಿ. ಆಕೆಗೆ ಬೇಕಾದುದು ಒರಗಲು ದಿಂಬು, ಮುಚ್ಚಿದ ಬಾಗಿಲು, ಸ್ವಲ್ಪ ಮೌನ.

ಹಾಲು ನಿಜವಾಗಿಯೂ ಬರದೆಹೋದರೆ ಒಂದು ವಿಷಯವನ್ನು ಮರೆಯಬಾರದು. ಬಸುರಿನಲ್ಲಿ ಹಿಗ್ಗಿದ ಪಿಟ್ಯುಟರಿಗೆ ರಕ್ತದ ಕೊರತೆಯನ್ನು ತಾಳುವ ಶಕ್ತಿ ಕಡಿಮೆ. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದರೆ ಆ ಗ್ರಂಥಿ ಭಾಗಶಃ ಸಾಯಬಹುದೆಂದು ಬ್ರಿಟನ್ನಿನ ಶೀಹನ್ 1937ರಲ್ಲಿ ವಿವರಿಸಿದನು. ಕಾಯಿಲೆಗೆ ಈಗ ಅವನದೇ ಹೆಸರು. ಹೆರಿಗೆಯಲ್ಲಿ ಬಹಳ ರಕ್ತ ಹೋದವಳಿಗೆ ಹಾಲು ಬಾರದಿರುವುದು, ತಿಂಗಳುಗಳು ಕಳೆದರೂ ಮುಟ್ಟು ಮರಳದಿರುವುದು, ಎಂದೂ ಇಲ್ಲದ ಚಳಿ, ನಿಶ್ಶಕ್ತಿ ಇವೆಲ್ಲ ಕೂಡಿಬಂದಾಗ ಅದನ್ನು ಬಾಣಂತನದ ಬಳಲಿಕೆಯೆಂದು ತಳ್ಳಿಬಿಡದೆ, ಹೆರಿಗೆಯ ರಕ್ತಸ್ರಾವದ ಸಂಗತಿಯನ್ನು ತಪ್ಪದೆ ಹೇಳಿ ಪರೀಕ್ಷೆ ಮಾಡಿಸಬೇಕು. ಗುರುತಿಸಿದರೆ ಮಾತ್ರೆಗಳಿಂದ ಪರಿಹಾರವುಂಟು. ಗುರುತಿಸದೆ ವರ್ಷಗಟ್ಟಲೆ ನರಳಿದವರು ನಮ್ಮ ದೇಶದಲ್ಲಿ ಕಡಿಮೆಯಲ್ಲ.

ಕೊನೆಯದಾಗಿ ಮನಸ್ಸಿನ ಮಾತು. ಮಾಸು ಬಿದ್ದ ಬೆನ್ನಲ್ಲೇ ಪ್ರೊಜೆಸ್ಟರಾನ್ ಕುಸಿದು, ಅದರೊಂದಿಗೆ ಅಲೋಪ್ರೆಗ್ನನೊಲೋನ್ ಕೂಡ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಅದರ ಆಸರೆಯಲ್ಲಿ ಶಾಂತವಾಗಿದ್ದ ಮಿದುಳು ಅದಿಲ್ಲದೆ ಹೊಂದಿಕೊಳ್ಳಬೇಕಾಗುತ್ತದೆ. ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹುಜನರಿಗೆ ಸಹಜವಾಗಿದ್ದು ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ಮೀರಿಯೂ ಮಂಕು ಕವಿದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಅದು ಖಿನ್ನತೆಯೆಂಬ ಕಾಯಿಲೆ. ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಅಲೋಪ್ರೆಗ್ನನೊಲೋನನ್ನೇ ಔಷಧರೂಪದಲ್ಲಿ ರಕ್ತನಾಳಕ್ಕೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ಅದೇ ತೆರನಾಗಿ ವರ್ತಿಸುವ ಗುಳಿಗೆಗೆ 2023ರಲ್ಲಿ. ಇಲ್ಲಿ ಬಳಕೆಯಲ್ಲಿರುವ ಹಳೆಯ ಔಷಧಗಳೂ ಮಾತಿನ ಚಿಕಿತ್ಸೆಯೂ ಹೆಚ್ಚಿನವರಿಗೆ ಗುಣ ಕೊಡುತ್ತವೆ, ಅವುಗಳಲ್ಲಿ ಹಲವನ್ನು ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ಮಾನಸಿಕ ಕಾಯಿಲೆಗೋ ಮೂರ್ಛೆರೋಗಕ್ಕೋ ಮೊದಲಿನಿಂದ ಔಷಧ ಸೇವಿಸುತ್ತಿರುವವರು ಬಸುರಾದೆನೆಂಬ ಹೆದರಿಕೆಯಿಂದ ಅದನ್ನು ಥಟ್ಟನೆ ನಿಲ್ಲಿಸಬಾರದು. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಂದುವರಿಸಬೇಕೆಂಬುದನ್ನು ವೈದ್ಯರು ಹೇಳುವರು.

ನಮ್ಮ ಹಿರಿಯರು ಬಾಣಂತಿ ಸನ್ನಿಯೆಂದು ಕರೆದುದು ಇದಕ್ಕಿಂತ ಉಗ್ರವಾದುದು: ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಸಂಪೂರ್ಣ ಹಾರಿ, ಮಾತು ಅಸಂಬದ್ಧವಾಗಿ, ಇಲ್ಲದ್ದು ಕಾಣುವ, ಇಲ್ಲದ ಧ್ವನಿ ಕೇಳುವ, ಮಗುವಿನ ಬಗ್ಗೆ ವಿಪರೀತ ಶಂಕೆ ಹುಟ್ಟುವ ಸ್ಥಿತಿ. ಗಾಳಿ ಸೋಕಿತೆಂದು ತಾಯಿತಕ್ಕೆ ಅಲೆಯುತ್ತ ದಿನ ಕಳೆಯದೆ, ತಾಯಿಮಗುವನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ದೂರದ ಊರಿನವರು ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.